ಗ್ಯಾನಪ್ಪನಿಗೆ ಸೇರಿದ ಹಾಡು

ಉಡಚಮ್ಮ ಗಂಡನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ನೆಟ್ಟಗೆ ಮಾಡಿದಳು. ಕೈ ಬಿಟ್ಟ ಕೂಡಲೇ ಅದು ಮತ್ತೆ ಎಡಕ್ಕೆ ವಾಲಿತು. ಗೋಡೆಗೆ ಒರಗಿಸಿ, ಎದೆಗೆ ಅಡ್ಡಲಾಗಿ ಧೋತರ ಬಿಗಿದು, ಗದ್ದದಡಿಯಿಂದ ಬಟ್ಟೆ ಕಟ್ಟಿ ಕೂರಿಸಿದ್ದರೂ ತಲೆ ಮಾತ್ರ ಎಡಕ್ಕೇ ಹೋಗುತ್ತಿತ್ತು. ಬದುಕಿದ್ದಾಗಲೂ ಯಾರಾದರೂ ಮಾತಾಡಿಸಿದರೆ ಗ್ಯಾನಪ್ಪ ಹೀಗೇ ತಲೆ ವಾಲಿಸಿ ಬಲಗಿವಿ ಮುಂದೆ ಮಾಡುತ್ತಿದ್ದ. ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿಯಲ್ಲಿ ಒದರಿದರೆ ಅಷ್ಟಿಷ್ಟು ಬೀಳುತ್ತಿತ್ತು.

“ಸತ್ತ ಮ್ಯಾಲೂ ಮಂದಿ ಮಾತಿಗೇ ಕಿವಿ ಕೊಡಾಕ ಹತ್ಯಾನ ನೋಡು,” ಎಂದು ಗೊಣಗಿದಳು.

ಸುತ್ತ ಕೂತಿದ್ದ ಹೆಂಗಸರಿಗೆ ಅದು ಅಳುವಿನ ಮಾತಾಗಿ ಕೇಳಿಸಿತು. ಎಲ್ಲರೂ ಒಮ್ಮೆಗೇ ದನಿ ತೆಗೆದರು. ಉಡಚಮ್ಮನಿಗೆ ರೇಗಿತು. ನಿನ್ನೆ ಮಧ್ಯಾಹ್ನ ರಸ್ತೆ ಬದಿಯ ಚಹದಂಗಡಿಯ ಬೆಂಚಿನ ಮೇಲೆ ಕೂತವನು ಕೂತಂತೆಯೇ ಹೋಗಿಬಿಟ್ಟಿದ್ದ. ಆಗಿನಿಂದ ಇವರು ಅವಳನ್ನು ಒಂದು ಗಳಿಗೆ ಸುಮ್ಮನೆ ಕೂರಲು ಬಿಟ್ಟಿರಲಿಲ್ಲ.

ಭಜನಾ ಮಂಡಳಿಯ ಪಂಪಾಪತಿ ಬಾಗಿಲಲ್ಲಿ ಹಾರ್ಮೋನಿಯಂ ಇಳಿಸಿ ಒಳಗೆ ಬಂದ. ಹಿಟ್ನಾಳದಲ್ಲಿ ಯಾರು ಸತ್ತರೂ ಇವನ ಮಂಡಳಿಯೇ ಬರಬೇಕು. ಹೆಣ ಎತ್ತುವ ಹೊತ್ತಿಗೆ ಸತ್ತವರಿಗೆ ಇಷ್ಟವಾಗಿದ್ದ ಒಂದು ಹಾಡು ಹಾಡುವುದು ಅವರು ನಡೆಸಿಕೊಂಡು ಬಂದ ರೂಢಿ. ಅವನು ಉಡಚಮ್ಮನ ಮುಂದೆ ಕುಕ್ಕರಗಾಲಲ್ಲಿ ಕೂತು ದನಿ ತಗ್ಗಿಸಿದ.

“ಯಕ್ಕಾ, ಗ್ಯಾನಪ್ಪ ಕಾಕಾಗ ಯಾವ ಪದ ಸೇರ್ತಿತ್ತು? ಹೇಳಿದ್ರ ತಯಾರಿ ಮಾಡ್ಕೋತೀವಿ.”

ಉಡಚಮ್ಮ ಬಾಯಿ ತೆರೆದಳು. ಗಂಡನಿಗೆ ಹೆಸರುಕಾಳಿನ ಪಲ್ಯ ಸೇರದು, ಒಣಗಿದ ಕಟಿರೊಟ್ಟಿ ಮೊಸರಿನಲ್ಲಿ ನೆನೆದರೆ ಸೇರುತ್ತದೆ, ಹೊಸ ಅಂಗಿಯ ಕೊರಳಪಟ್ಟಿ ಸೇರದು. ಎಲ್ಲ ಗೊತ್ತು. ಹಾಡು?

“ನಿನಗ ಗೊತ್ತಿರಬೇಕಲ್ಲೋ ಪಂಪಾಪತಿ? ತಾಸಗಟ್ಲೆ ನಿನ್ನ ಸಂಗಾಟ ಕುಂದರ್ತಿದ್ದ.”

“ನನಗ ಸೇರಿದ ಪದ ಯಾವ್ದು ಅಂತ ಕೇಳ್ಯಾನ. ಯಾಕ ಸೇರ್ತೈತಿ ಅಂತಾನೂ ಕೇಳ್ಯಾನ. ನಮ್ಮಪ್ಪ ಕುಡದು ಬಂದು ಹಾಡ್ತಿದ್ನಲ್ಲ, ಆ ಪದದ ಕತಿ ಪೂರಾ ಹೇಳೀನಿ ಯಕ್ಕಾ. ಊರಾಗ ಯಾರಿಗೂ ಹೇಳಿಲ್ಲ ಅದನ್ನ.”

“ಅವಂದು ಯಾವ್ದು ಅಂತ ನೀ ಕೇಳಬೇಕಿಲ್ಲೇನು?”

“ಕಿವಿ ಕೇಳ್ದಾಂವಗ ಎಂಥಾ ಪದ ಅಂತ...” ಎಂದವನು ಹೆಣದ ಕಡೆ ನೋಡಿ ನಾಲಿಗೆ ಕಚ್ಚಿಕೊಂಡ.

ಮಗ ದುರಗೇಶ ಟ್ರ್ಯಾಕ್ಟರಿಗೆ ಹೇಳಿ ಬಂದು ಬೆವರು ಒರೆಸಿಕೊಳ್ಳುತ್ತ ನಿಂತಿದ್ದ. “ಯಾವ್ದರ ಒಂದ್ ಪದ ಹಾಡ್ತಾರ ಬಿಡವಾ. ಅಕ್ಕ ಬಂದ ಕೂಡ್ಲೇ ಎತ್ತಬೇಕು. ಬಿಸಲು ಏರಾಕ ಹತ್ತೈತಿ.”

“ಯಾವ್ದರ ಒಂದು ಅಂದ್ರ? ಯಾವ್ದರ ಒಂದು ಹೆಣ ಒಯ್ಯಾಕ ಹತ್ತೀಯೇನು?”

ದುರಗೇಶ ಮುಖ ಸಣ್ಣದು ಮಾಡಿಕೊಂಡು ಹೊರಗೆ ಹೋದ. ಉಡಚಮ್ಮನಿಗೆ ತಾನೇ ಎದ್ದು ಹೋಗಿ ಊರೆಲ್ಲ ವಿಚಾರಿಸಬೇಕೆನಿಸಿತು. ಆದರೆ ಗಂಡ ಸತ್ತವಳು ಹೆಣದ ಪಕ್ಕದಿಂದ ಏಳುವಂತಿರಲಿಲ್ಲ. ಕಾಲು ಜೋಮು ಹಿಡಿದು ಚಾಚಿದರೂ ನಾಲ್ಕು ಕೈ ಬಂದು ಹಿಡಿದುಕೊಳ್ಳುತ್ತಿದ್ದವು. ಸರಿ, ಬರುವವರೆಲ್ಲ ಇಲ್ಲಿಗೇ ಬರುತ್ತಾರಲ್ಲ, ಒಬ್ಬೊಬ್ಬರನ್ನೇ ಕೇಳಿದರಾಯಿತು ಎಂದುಕೊಂಡಳು. ಯಾರಿಗಾದರೂ ಹೇಳಿಯೇ ಇರುತ್ತಾನೆ.

ಮೊದಲು ಬಂದವಳು ಬಳೆಗಾರ್ತಿ ರಾಜಾಬೀ. ಉಡಚಮ್ಮ ಮದುವೆಯಾಗಿ ಈ ಊರಿಗೆ ಬಂದಂದಿನಿಂದ ಅವಳ ಕೈಗೆ ಬಳೆ ತೊಡಿಸಿದವಳು. ಬಂದವಳೇ ಕೊರಳಿಗೆ ಬಿದ್ದಳು. “ಯವ್ವಾ, ನನ್ನ ತಂಗಿ, ಎಂಥಾ ಮನಿಷ್ಯಾ ಹೋದ್ನಲ್ಲಾ!”

“ರಾಜಾಬೀ, ಅಳೂದು ಆಮ್ಯಾಲ. ಅವಗ ಯಾವ ಪದ ಸೇರ್ತಿತ್ತು, ನಿನಗೇನರ ಹೇಳಿದ್ನೇನು?”

ರಾಜಾಬೀ ಕೊರಳು ಬಿಟ್ಟು ಮುಖ ನೋಡಿದಳು. “ಪದ? ನನ್ನ ಪದ ಕೇಳಿದ್ದ ನೋಡು. ನಮ್ಮಮ್ಮ ಬುಟ್ಟಿ ಹೊತ್ಕೊಂಡು ಊರೂರಿಗೆ ಹೋಗೂ ಮುಂದ ಒಂದು ಹಾಡ್ತಿದ್ಲು. ನಾ ಸೀರಿ ಸೆರಗು ಹಿಡ್ಕೊಂಡು ಹಿಂದ. ಕಾಲು ಸುಡ್ತಾವಮ್ಮ ಅಂತ ಅತ್ರ ಇನ್ನಷ್ಟು ಜೋರು ಹಾಡ್ತಿದ್ಲು. ನನಗ ಆಗ ಸಿಟ್ಟು ಬರ್ತಿತ್ತು. ಅಕಿ ಕಾಲಾಗ ಚಪ್ಪಲಿ ಇರ್ಲಿಲ್ಲ ಅನ್ನೂದು ಈಗ ಹೊಳೀತೈತಿ.” ಅವಳು ತನ್ನ ಪಾದ ನೋಡಿಕೊಂಡಳು. “ಅದನ್ನ ಹೇಳೂ ಮುಂದ ಅಣ್ಣ ನನ್ನ ಮುಖಾನ ನೋಡ್ಕೋತ ಕುಂತಿದ್ದ. ‘ಪದ ನನ್ನ ಕಿವಿಗೆ ಬರಂಗಿಲ್ಲ ರಾಜಾಬೀ, ಆದ್ರ ಅದರ ಮಾತು ತಗದ ಕೂಡ್ಲೇ ಮಂದಿ ಮುಖ ಬ್ಯಾರೆ ಆಗ್ತೈತಿ. ಅದು ಕಾಣ್ತೈತಿ’ ಅಂದ.”

“ಹಂಗಂದ್ನಾ?” ಈ ಮಾತನ್ನು ಗಂಡ ತನಗೆ ಹೇಳಿರಲಿಲ್ಲ. “ಮತ್ತ ತನ್ನದು ಯಾವ್ದು ಅಂದ?”

“ಅದನ್ನ ನಾ ಕೇಳ್ಲಿಲ್ಲವಾ,” ಎಂದು ರಾಜಾಬೀ ಮತ್ತೆ ಕೊರಳಿಗೆ ಬಿದ್ದು ಅತ್ತಳು. ಉಡಚಮ್ಮನ ಭುಜ ಒದ್ದೆಯಾಯಿತು. ಆ ಕಣ್ಣೀರು ಗ್ಯಾನಪ್ಪನಿಗಲ್ಲ, ಬರಿಗಾಲಲ್ಲಿ ಹೋದ ಆ ತಾಯಿಗೆ ಎಂಬುದು ತಿಳಿಯುತ್ತಿತ್ತು. ತಳ್ಳುವಂತಿಲ್ಲ, ತಬ್ಬುವಂತಿಲ್ಲ.

*

ಗ್ಯಾನಪ್ಪ ಗಿಣಿಗೇರಾದ ಕಡೆಯ ಕಾರ್ಖಾನೆಗೆ ಸೇರಿದಾಗ ದುರಗೇಶ ಇನ್ನೂ ತೊಟ್ಟಿಲಲ್ಲಿದ್ದ. ಅದಿರಿನ ಕಲ್ಲು ಒಡೆಯುವ ಯಂತ್ರದ ಬುಡದಲ್ಲಿ ಕೆಲಸ. ಮನೆಗೆ ಬಂದರೆ ಮೈಮೇಲಿನ ಕೆಂಪು ಧೂಳು ಎರಡು ಕೊಡ ನೀರಿಗೆ ಹೋಗುತ್ತಿತ್ತು. ಕಿವಿಯೊಳಗಿನ ಸದ್ದು ಮಾತ್ರ ಹೋಗುತ್ತಿರಲಿಲ್ಲ. ಹತ್ತಿ ತುರುಕಿಕೊಂಡು ಹೋಗುತ್ತಿದ್ದ. ಆದರೂ ವರ್ಷಗಳು ಕಳೆದಂತೆ ಒಂದೊಂದೇ ಸದ್ದು ಮನೆ ಬಿಟ್ಟು ಹೋಯಿತು. ಮೊದಲು ಗುಬ್ಬಿಗಳು ಹೋದವು. ಆಮೇಲೆ ಕುಕ್ಕರಿನ ಸೀಟಿ. ಆಮೇಲೆ ಮಗಳು ಹೇಮಾವತಿಯ ದನಿ. ಗಂಡಸರ ದಪ್ಪ ದನಿ ಬಹಳ ದಿನ ಉಳಿದಿತ್ತು. ಕಡೆಗೆ ಅದೂ ಹೋಗಿ, ಒದರಿದರೆ ಮಾತ್ರ ಅಷ್ಟಿಷ್ಟು ಬೀಳುವಂತಾಯಿತು.

ಕೊಪ್ಪಳದಲ್ಲಿ ನಡೆದ ಒಂದು ಶಿಬಿರದಲ್ಲಿ ಕಿವಿಗೆ ಮಿಷನ್ ಕೊಟ್ಟರು. ಹಾಕಿಕೊಂಡು ಬಸ್ಸು ಹತ್ತಿ ಬಂದವನು ಮನೆ ಹೊಸ್ತಿಲಲ್ಲೇ ಕಿತ್ತುಹಾಕಿದ. “ಕಾರ್ಖಾನೀನ ಮನಿಗೆ ತಂದಂಗ ಆಗ್ತೈತಿ” ಎಂದ. ಅದು ಡಬ್ಬಿಯಲ್ಲೇ ಉಳಿಯಿತು.

ಕೆಲಸದ ಕೊನೆಯ ವರ್ಷಗಳಲ್ಲಿ ಅವನಿಗೆ ಈ ಚಟ ಹತ್ತಿಕೊಂಡಿತು. ಸಿಕ್ಕವರನ್ನೆಲ್ಲ ಕೇಳುತ್ತಿದ್ದ: ನಿನಗ ಸೇರಿದ ಪದ ಯಾವ್ದು? ಯಾಕ ಸೇರ್ತೈತಿ? ನಿವೃತ್ತಿಯಾದ ಮೇಲಂತೂ ಹೈವೇ ಬದಿಯ ಚಹದಂಗಡಿಯಲ್ಲಿ ಕೂತು ಲಾರಿ ಚಾಲಕರನ್ನೂ ಬಿಡಲಿಲ್ಲ. ಕಿವುಡನೊಬ್ಬ ಹಾಡಿನ ವಿಷಯ ಕೇಳುತ್ತಾನಲ್ಲ ಎಂದು ಜನ ಮೊದಲು ನಗುತ್ತಿದ್ದರು. ಆಮೇಲೆ ಯಾಕೋ ಹೇಳಲು ಶುರುಮಾಡುತ್ತಿದ್ದರು. ಒಬ್ಬರಿಗೆ ಮೊದಲ ಮಗು ಸತ್ತಾಗ ಪಕ್ಕದ ಮನೆಯ ಟಿ.ವಿ.ಯಲ್ಲಿ ಬರುತ್ತಿದ್ದ ಹಾಡು, ಇನ್ನೊಬ್ಬರಿಗೆ ಶಾಲೆಯಲ್ಲಿ ಪ್ರಾರ್ಥನೆ ತಪ್ಪು ಹೇಳಿ ಹೊಡೆತ ತಿಂದ ಹಾಡು.

ರಾತ್ರಿ ಊಟಕ್ಕೆ ಕೂತಾಗ ಅದನ್ನೆಲ್ಲ ಉಡಚಮ್ಮನಿಗೆ ಹೇಳಲು ಬರುತ್ತಿದ್ದ. ತನಗೇ ಕೇಳಿಸದ ದನಿ ಎಷ್ಟು ದೊಡ್ಡದೆಂದು ಅವನಿಗೆ ಗೊತ್ತಾಗುತ್ತಿರಲಿಲ್ಲ. ಪಕ್ಕದ ಮನೆಯವರ ಗುಟ್ಟನ್ನು ಪಕ್ಕದ ಮನೆಗೆ ಕೇಳುವಂತೆ ಹೇಳುತ್ತಿದ್ದ. ಅವಳು ಅವನ ಬಾಯಿಗೆ ಕೈ ಅಡ್ಡ ಹಿಡಿದು, “ಸಾಕ್ ಮಾಡು, ಸುಮ್ನ ಉಣ್ಣು” ಎನ್ನುತ್ತಿದ್ದಳು.

*

ಹೊತ್ತು ಏರಿತು. ಚಹದಂಗಡಿಯವನು ಹಾರ ತಂದ. ತನಗೆ ಇಷ್ಟವಾದ ಹಾಡು ಹೇಳಿದ, ತಮ್ಮನ ಜೊತೆ ಮಾತು ಬಿಟ್ಟ ಕತೆ ಹೇಳಿದ, ಗ್ಯಾನಪ್ಪನದು ಗೊತ್ತಿಲ್ಲವೆಂದ. ಹಾಲು ಹಾಕುವವನು ಬಂದ, ಅವನದೂ ಅಷ್ಟೇ. ಎದುರು ಮನೆಯ ಮುದುಕಿ ಗೋಡೆ ಹಿಡಿದು ಬಂದು, ಗಂಡನ ಕಾಲದ ಒಂದು ಸೋಬಾನೆ ಪದವನ್ನು ಹಲ್ಲಿಲ್ಲದ ಬಾಯಲ್ಲಿ ಪೂರ್ತಿ ಹಾಡಿಯೇ ಬಿಟ್ಟಳು. ಹೆಂಗಸರು ಅಳು ನಿಲ್ಲಿಸಿ ಕೇಳಿದರು. ಪಂಪಾಪತಿ ಆಸೆಯಿಂದ ಬಾಗಿಲಲ್ಲಿ ಇಣುಕಿದ. “ಇದು ಅವಂದಲ್ಲೋ, ಇಕಿದು!” ಎಂದು ಉಡಚಮ್ಮ ಕೈ ಬೀಸಿದಳು.

ಗಂಗಾವತಿಯಿಂದ ಹೇಮಾವತಿ ಬಂದಳು. ಅಪ್ಪನ ಕಾಲ ಮೇಲೆ ಬಿದ್ದು ಅತ್ತಳು. ಉಡಚಮ್ಮ ಅವಳ ಬೆನ್ನು ಸವರುತ್ತ ಕಾದಳು. ಅಳು ಇಳಿದ ಮೇಲೆ ಕಿವಿಯ ಹತ್ತಿರ ಬಾಗಿ ಕೇಳಿದಳು. ಹೇಮಾವತಿ ಸೆರಗಿನಿಂದ ಮೂಗು ಒರೆಸಿಕೊಂಡಳು.

“ನಂದು ಕೇಳಿದ್ದವಾ. ಮದುವಿ ಆದ ಹೊಸದಾಗ ನಾ ಒಮ್ಮಿ ಸಿಟ್ಟಿಲೆ ಮನಿ ಬಿಟ್ಟು ಬಂದಿದ್ದೆ. ಕೊಪ್ಪಳದ ಬಸ್ ಸ್ಟ್ಯಾಂಡಿನತನಕ ಬಂದು, ಅಲ್ಲೇ ಒಂದು ಬಸ್ಸಿನ್ಯಾಗ ಹಾಡು ಹಚ್ಚಿದ್ರು, ಅದನ್ನ ಕೇಳ್ಕೋತ ಕುಂತು ತಿರುಗಿ ಹೋದೆ. ಆ ಹಾಡು ಬಂದ್ರ ಈಗೂ ಆ ಬಸ್ ಸ್ಟ್ಯಾಂಡಿನ್ಯಾಗ ಕುಂತಂಗ ಆಗ್ತೈತಿ.”

ಉಡಚಮ್ಮ ಬೆನ್ನ ಮೇಲಿನ ಕೈ ತೆಗೆದಳು. “ಮನಿ ಬಿಟ್ಟು ಬಂದಿದ್ದೆ? ಯಾವಾಗ? ನನಗ ಯಾಕ ಹೇಳ್ಲಿಲ್ಲ?”

“ನೀ ಕೇಳ್ಲಿಲ್ಲವಾ. ಅಪ್ಪನೂ ಅದನ್ನ ಕೇಳ್ಲಿಲ್ಲ. ಪದ ಕೇಳ್ದ, ಅದರಾಗ ಇದು ಬಂತು. ಮನ್ಯಾಗ ಒದರಿದ್ರ ಮಂದಿ ಕೇಳ್ತಾರ ಅಂತ ಹೊಲಕ್ಕ ಕರ್ಕೊಂಡು ಹೋಗಿದ್ದ. ಅಲ್ಲಿ ಜೋಳದಾಗ ನಿಂತು ಒದರಿ ಹೇಳ್ದೆ. ಹೇಳಿ ಮುಗಿಯೂತನ ಅತ್ತೆ.”

“ಮತ್ತ ಅವಂದು? ನಿಮ್ಮಪ್ಪಂದು ಯಾವ್ದು ಅಂತ ಕೇಳಿದ್ಯಾ?”

ಹೇಮಾವತಿ ಅಪ್ಪನ ಧೋತರದ ಅಂಚು ಸರಿಮಾಡತೊಡಗಿದಳು.

ಆಗ ಉಡಚಮ್ಮನಿಗೆ ತಡೆಯಲಾಗಲಿಲ್ಲ. ಮೊಣಕಾಲ ಮೇಲೆ ಎದ್ದಳು. “ಬೆಳಗಿಂದ ನೋಡಾಕ ಹತ್ತೀನಿ, ಬಂದಾವ್ರೆಲ್ಲಾ ನಿಮ್ ನಿಮ್ ಪದಾನ ಹೇಳ್ತೀರಿ! ಅಂವ ಇಷ್ಟು ಮಂದೀನ ಕೇಳ್ಯಾನ, ಒಬ್ಬರಿಗರ ತಿರುಗಿ ಕೇಳಬೇಕು ಅನಸ್ಲಿಲ್ಲೇನು? ನಿಂದು ಯಾವ್ದೋ ಗ್ಯಾನಪ್ಪ ಅಂತ ಒಬ್ಬರ ಬಾಯಾಗೂ ಬರ್ಲಿಲ್ಲೇನು?”

ಮನೆ ತುಂಬ ಗದ್ದಲವೆದ್ದಿತು. “ತಲಿಗೇರಿತು, ಪಾಪ!” ಎಂದು ಒಬ್ಬಳು ಮುಖಕ್ಕೆ ನೀರು ಎರಚಿದಳು. ಇನ್ನೊಬ್ಬಳು ಲಿಂಬೆಹಣ್ಣು ಮೂಗಿಗೆ ಹಿಡಿದಳು. ಯಾರೋ ಸಕ್ಕರೆ ತಂದು ಬಾಯಿಗೆ ಹಾಕಿದರು. “ಸುಮ್ನ ಕುಂದ್ರು ನಮ್ಮವ್ವ, ಅತ್ತು ಹಗುರ ಆಗು.” ತನ್ನ ತಲೆ ಸರಿಯಾಗಿದೆ ಎಂದು ಹೇಳಲು ಬಾಯಿ ತೆರೆದಳು. ಬಾಯಿ ತುಂಬ ಸಕ್ಕರೆ.

*

ಊರನ್ನೆಲ್ಲ ಕೇಳುವ ಮೊದಲು ಗ್ಯಾನಪ್ಪ ಕೇಳಿದ್ದು ಅವಳನ್ನೇ.

ಅವನಿನ್ನೂ ಕೆಲಸಕ್ಕೆ ಹೋಗುತ್ತಿದ್ದ ಕಾಲ. ಅಂದು ರಜೆ. ಅವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅವನು ಗಂಗಾಳ ಹಿಡಿದು ಎದುರಿಗೆ ಕೂತಿದ್ದ.

“ರೊಟ್ಟಿ ಬಡಿಯೂ ಮುಂದ ನಿನ್ನ ತುಟಿ ಅಲ್ಲಾಡ್ತಾವ. ಏನೋ ಹಾಡ್ತಿರ್ತಿ. ಯಾವ ಪದ ಅದು?”

ಅವಳಿಗೆ ನಾಚಿಕೆಯಾಯಿತು. ಹಾಡುತ್ತಿದ್ದೆನೆಂದು ಅವಳಿಗೇ ತಿಳಿದಿರಲಿಲ್ಲ. “ನಾಟಿ ಪದ,” ಎಂದಳು.

“ಏನು?”

“ನಾಟಿ ಪದ! ನಮ್ಮ ತವರ ಕಡೆ, ಭತ್ತ ಹಚ್ಚೂ ಮುಂದ ಹಾಡೂದು!”

“ಯಾಕ ಸೇರ್ತೈತಿ?”

ಅವಳು ಹಿಟ್ಟಿನ ಕೈ ನೋಡಿಕೊಂಡಳು. ಮದುವೆಗೆ ಮುಂಚಿನ ಮಾತು. ಕೆನಾಲ್ ನೀರಿನ ಗದ್ದೆ, ಸಾಲಾಗಿ ಬಗ್ಗಿದ ಹುಡುಗಿಯರು, ಬದುವಿನ ಮೇಲೆ ಸಸಿಯ ಕಟ್ಟು ಹೊತ್ತು ಬರುತ್ತಿದ್ದ ಒಬ್ಬ ಹುಡುಗ. ಅವನು ಒಂದು ಮಾತೂ ಆಡಿದವನಲ್ಲ. ಕಟ್ಟು ಎಸೆಯುವಾಗ ಇವಳ ಮೇಲೆ ಕೆಸರು ಸಿಡಿಯದ ಹಾಗೆ ಎಸೆಯುತ್ತಿದ್ದ, ಅಷ್ಟೇ. ಯಾರಿಗೂ ಹೇಳಿರಲಿಲ್ಲ. ಹೇಳುವಂಥದ್ದೂ ಏನಿರಲಿಲ್ಲ. ಆದರೆ ಅಂದು ಯಾಕೋ ಹೇಳಬೇಕೆನಿಸಿತು. ದನಿ ತಗ್ಗಿಸಿ ಹೇಳಿದಳು.

“ಏನಂದಿ? ತಿಳೀಲಿಲ್ಲ.”

“ಒಬ್ಬ ಹುಡುಗ ಇದ್ದ ಅಂದೆ.”

“ಏನಿತ್ತು?”

“ಹುಡುಗ! ಒಬ್ಬ ಹುಡುಗ ಇದ್ದ ಅಂದೆ!”

ಗೋಡೆಯಾಚೆಯಿಂದ ನೆರೆಮನೆಯವಳ ದನಿ ಬಂತು. “ಯಾವ ಹುಡುಗ ಬೇ ಉಡಚಕ್ಕಾ? ನಮಗೂ ಹೇಳಲ್ಲ!” ಓಣಿಯ ತುದಿಯವರೆಗೂ ನಗು ಹಬ್ಬಿತು.

ಉಡಚಮ್ಮ ಬಡಿಯುತ್ತಿದ್ದ ರೊಟ್ಟಿಯನ್ನು ಮುದ್ದೆ ಮಾಡಿ ಹಿಟ್ಟು ನಾದುವ ಕೊಣಮಿಗೆಗೆ ಎಸೆದಳು. “ಉಪ್ಪು ಅಂತ ಒದರಬೇಕು, ಗುಳಗಿ ಅಂತ ಒದರಬೇಕು. ಇನ್ನ ಇದನ್ನೂ ಊರಿಗೆಲ್ಲಾ ಒದರ್ಲೇನು? ಹಾಡಂತ ಹಾಡು!”

ಅವನ ಕಿವಿಗೆ ಮಾತು ಬೀಳಲಿಲ್ಲ. ಆದರೆ ಅವಳ ಮುಖ ಕಾಣುತ್ತಿತ್ತು. ಗಂಗಾಳ ನೆಲಕ್ಕಿಟ್ಟ. ಸ್ವಲ್ಪ ಹೊತ್ತು ಕೂತೇ ಇದ್ದ, ಏನನ್ನೋ ಕಾಯುವವನ ಹಾಗೆ. ಬಾಯಿ ತುಸು ತೆರೆದಿತ್ತು. ಅವಳು ಅದನ್ನು ಹಸಿವೆ ಎಂದುಕೊಂಡಳು. ಸುಟ್ಟ ರೊಟ್ಟಿಯೊಂದನ್ನು ಗಂಗಾಳಕ್ಕೆ ಹಾಕಿ ತಿರುಗಿ ಕೂತಳು.

*

ಟ್ರ್ಯಾಕ್ಟರು ಮನೆ ಮುಂದೆ ಬಂದು ನಿಂತಿತು. ಟ್ರೇಲರಿಗೆ ಬಾಳೆಕಂಬ, ಚೆಂಡು ಹೂವು ಕಟ್ಟಿದ್ದರು. ಸ್ನಾನ ಮಾಡಿಸಿ, ಹೊಸ ಧೋತರ ಉಡಿಸಿ, ಗ್ಯಾನಪ್ಪನನ್ನು ಮೇಲೇರಿಸಿ ಕುರ್ಚಿಗೆ ಕಟ್ಟಿದರು. ಉಡಚಮ್ಮನನ್ನು ಇಬ್ಬರು ಹೆಂಗಸರು ತೋಳು ಹಿಡಿದು ಹೊರಗೆ ತಂದು ಟ್ರೇಲರಿನ ಪಕ್ಕ ನಿಲ್ಲಿಸಿದರು. ಪಂಪಾಪತಿ ಹಾರ್ಮೋನಿಯಮ್ಮಿನ ತಿದಿ ಒತ್ತುತ್ತ ಅವಳ ಮುಖ ನೋಡಿದ. ಅವಳು ಇಲ್ಲ ಎಂದು ತಲೆಯಾಡಿಸಿದಳು.

ಆಗ ಬಡೇಸಾಬ ಆಟೋದಿಂದ ಇಳಿದ. ಅದೇ ಯಂತ್ರದ ಬುಡದಲ್ಲಿ ಗ್ಯಾನಪ್ಪನ ಜೊತೆ ದುಡಿದವನು, ಕಂಪನಿ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತು ಬಂದವನು. ಟೋಪಿ ತೆಗೆದು, ಟ್ರೇಲರಿನ ಅಂಚು ಹಿಡಿದು ಗೆಳೆಯನನ್ನು ನೋಡುತ್ತ ನಿಂತ. ಆಮೇಲೆ ಉಡಚಮ್ಮನ ಕಡೆ ತಿರುಗಿದ. ಕೇಳುವ ಆಸೆ ಅವಳಲ್ಲಿ ಉಳಿದಿರಲಿಲ್ಲ. ಆದರೂ ಕೇಳಿದಳು. ಅವನೂ ಕಿವಿಗೆ ಕೈ ಅಡ್ಡ ಹಿಡಿದ. ಅವಳು ಒದರಿದಳು.

“ಅವಗ ಯಾವ ಪದ ಸೇರ್ತಿತ್ತು, ನೀ ಯಾವತ್ತರ ಕೇಳಿದ್ದೇನೋ ಅಣ್ಣಾ?”

“ಹೂಂ, ಕೇಳಿದ್ದೆ!” ಎಂದ ಬಡೇಸಾಬ.

ಸುತ್ತಲಿನ ಗದ್ದಲ ನಿಂತಿತು. ಪಂಪಾಪತಿ ತಿದಿ ಬಿಟ್ಟು ಹತ್ತಿರ ಬಂದ. ಹೇಮಾವತಿ ತಾಯಿಯ ಸೆರಗು ಹಿಡಿದಳು.

“ನಂದು ಕೇಳ್ದ, ಹೇಳ್ದೆ. ನಿಂದೋ ಅಂದೆ. ಗಿಣಿಗೇರಾ ಬಿಟ್ಟಾಂವ ಹಿಟ್ನಾಳ ಬರೂತನ ಹೇಳ್ಕೋತ ಬಂದ ತಂಗೀ. ಪದ ಹೇಳ್ದ, ಯಾಕ ಸೇರ್ತೈತಿ ಅನ್ನೂದನ್ನೂ ಹೇಳ್ದ. ನಕ್ಕ. ಕಣ್ಣಾಗ ನೀರೂ ತಂದ. ಅಂವ ಅಷ್ಟು ಮಾತಾಡಿದ್ದು ನಾ ನೋಡಿದ್ದಿಲ್ಲ.”

“ಏನಂದ? ಯಾವ ಪದ ಅಂದ?”

ಬಡೇಸಾಬ ಟೋಪಿಯನ್ನು ಬೆರಳುಗಳಲ್ಲಿ ತಿರುವಿದ. ಸುತ್ತಲೂ ನೋಡಿದ. ಕಡೆಗೆ ಅವಳನ್ನು ನೋಡಿದ.

“ನನಗೇನ್ ಕೇಳಸ್ತೈತಿ ತಂಗೀ? ಅವಗಿಂತ ನನ್ನ ಕಿವಿ ಮೊದಲ ಹೋಗ್ಯಾವ. ಮ್ಯಾಲ ಬಸ್ಸಿನ ಸಪ್ಪಳ. ಹೂಂ ಹೂಂ ಅಂತ ತಲಿ ಆಡಿಸ್ಕೋತ ಬಂದೆ.”

ಗುಂಪಿನಲ್ಲಿ ಯಾರೋ ಮೂಗಲ್ಲಿ ನಕ್ಕು, ಕೆಮ್ಮಿ ಮುಚ್ಚಿಕೊಂಡರು. ಉಡಚಮ್ಮನ ಮುಷ್ಟಿ ಬಿಗಿಯಿತು.

“ಕೇಳಸ್ಲಿಲ್ಲ, ಇನ್ನೊಮ್ಮಿ ಹೇಳು ಅನಬೇಕಿಲ್ಲೇನೋ?”

“ಹೆಂಗ ಅನ್ನಲಿ? ಹಂಗ ಹೇಳಾಕ ಹತ್ತಿದ್ದ ಮನಿಷ್ಯಾನ್ನ ನಡುವ ತಡದು, ಕೇಳಸ್ಲಿಲ್ಲ ಅನ್ನಾಕ ನನಗ ಬಾಯಿ ಬರ್ಲಿಲ್ಲ. ಎಲ್ಲಾ ಕೇಳ್ಯಾನ ಅಂತ ತಿಳ್ಕೊಂಡು ಇಳದು ಹೋದ.” ಅವನು ತಡೆದ. “ಮುಂದಿನ ಸೀಟಿನ ಕಂಬಿ ಮ್ಯಾಲ ಬಾರಿಸ್ಕೋತ ಹೇಳ್ತಿದ್ದ. ನನ್ನ ಕೈ ಅದರ ಮ್ಯಾಲೇ ಇತ್ತು. ಅಷ್ಟು ನೆನಪೈತಿ.”

“ಹೆಂಗ ಬಾರಿಸ್ತಿದ್ದ?”

ಬಡೇಸಾಬ ಟ್ರೇಲರಿನ ಕಬ್ಬಿಣದ ಅಂಚಿನ ಮೇಲೆ ನಾಲ್ಕು ಬೆರಳಿಟ್ಟು ಬಡಿದ. ಎರಡು ಬೇಗ, ಒಂದು ತಡೆದು, ಮತ್ತೆ ಮೂರು. ಮಂಡಳಿಯ ತಬಲಾದವನು ಬಗ್ಗಿ ನೋಡಿ ತನ್ನ ತಬಲಾದ ಮೇಲೆ ಅದನ್ನೇ ಎತ್ತಿಕೊಳ್ಳಲು ಹೋದ. ಬಡೇಸಾಬ ಅವನ ಕೈ ನೋಡಿ, ಹಾಗಲ್ಲ ಎಂದು ತಲೆಯಾಡಿಸಿದ. ಮತ್ತೆ ಬಡಿದು ತೋರಿಸಿದ. ತಬಲಾದವನು ಮತ್ತೆ ತಪ್ಪಿದ.

“ಈ ತಾಳಕ್ಕ ನೂರು ಪದ ಅದಾವ ಯಕ್ಕಾ,” ಎಂದ ಪಂಪಾಪತಿ. “ಯಾವ್ದು ಅಂತ ಹಿಡಿಯೂದು?”

“ಎಲ್ಲಾ ಹಾಡ್ಕೋತ ಕುಂತ್ರ ಇಲ್ಲೇ ಸಂಜಿ ಆಗ್ತೈತಿ,” ಎಂದು ದುರಗೇಶ ಚಾಲಕನಿಗೆ ಕೈ ಮಾಡಿದ. ಪಂಪಾಪತಿ ನಿಟ್ಟುಸಿರು ಬಿಟ್ಟು, ಎಲ್ಲರ ಮಣ್ಣಿಗೂ ಹಾಡುವ ಒಂದು ಭಜನೆಯನ್ನು ತೆಗೆದ. ಹೆಂಗಸರು ಉಡಚಮ್ಮನನ್ನು ಹಿಂದಕ್ಕೆ ಎಳೆಯತೊಡಗಿದರು. ಅವಳು ತೋಳು ಕೊಡವಿಕೊಂಡು ಮುಂದೆ ಹೋದಳು. ಬಡೇಸಾಬ ಇನ್ನೂ ಬಡಿಯುತ್ತಲೇ ಇದ್ದ. ಭಜನೆ ಶುರುವಾದದ್ದು ಅವನಿಗೆ ಕೇಳಿಸಿರಲಿಲ್ಲ. ಅವನ ಬೆರಳುಗಳ ಪಕ್ಕದಲ್ಲಿ ಅವಳು ಕಬ್ಬಿಣಕ್ಕೆ ತನ್ನ ಅಂಗೈ ಹಚ್ಚಿದಳು. ಎರಡು ಬೇಗ, ಒಂದು ತಡೆದು, ಮತ್ತೆ ಮೂರು.

ಎಂಜಿನ್ ಶುರುವಾಯಿತು. ಟ್ರೇಲರಿನ ಕಬ್ಬಿಣವೆಲ್ಲ ಒಮ್ಮೆಗೇ ನಡುಗತೊಡಗಿತು. ಯಾವುದು ಬೆರಳು, ಯಾವುದು ಎಂಜಿನ್ನು ಎಂದು ಅಂಗೈಗೆ ತಿಳಿಯದಾಯಿತು. ಗಾಡಿ ನಿಧಾನವಾಗಿ ಮುಂದಕ್ಕೆ ಹೊರಟಿತು. ಉಡಚಮ್ಮ ಕೈ ತೆಗೆಯದೆ ಅದರ ಜೊತೆಗೇ ನಡೆದಳು.